ಡಲ್ಲಾಸ್‌ನಿಂದ ರಸೆಲ್‌ವಿಲ್‌ಗೆ: 2024ರ ಖಗ್ರಾಸ ಗ್ರಹಣದ ದಿನಚರಿ

ಏಪ್ರಿಲ್ 4, ಗುರುವಾರ: ಡಲ್ಲಾಸ್

ಏಪ್ರಿಲ್ 8ರ ಸೂರ್ಯಗ್ರಹಣದ ನೆರಳು ಮೆಕ್ಸಿಕೊದ ಮಜತ್ಲಾನ್ ಕಡಲತೀರದಲ್ಲಿ ನೆಲ ಮುಟ್ಟುತ್ತದೆ. ಅಲ್ಲಿಂದ ಟೆಕ್ಸಸ್ ಹೊಕ್ಕು, ಅರ್ಕನ್ಸಾ, ಇಂಡಿಯಾನಾ, ಒಹಾಯೊ ದಾಟಿ, ಮೇನ್ ರಾಜ್ಯದ ಮೂಲಕ ಕೆನಡಾ ಕಡೆ ಹೋಗುತ್ತದೆ. ಎಲ್ಲಕ್ಕಿಂತ ದೀರ್ಘ ಪೂರ್ಣತೆ (ಸೂರ್ಯ ಪೂರ್ತಿ ಮುಚ್ಚಿರುವ ಹೊತ್ತು), 4 ನಿಮಿಷ 28 ಸೆಕೆಂಡು, ಮೆಕ್ಸಿಕೊದ ನಾಸಾಸ್ ಊರಿನ ಹತ್ತಿರ. ಏಪ್ರಿಲ್ ತಿಂಗಳ ಹಳೆಯ ಮೋಡದ ದಾಖಲೆ ನೋಡಿದರೂ ಮೆಕ್ಸಿಕೊವೇ ಮೇಲು. ಆದರೂ ಬೆಂಗಳೂರಿನಿಂದ ಹೊರಟವರು ಡಲ್ಲಾಸ್ ಆರಿಸಿಕೊಂಡರೆ ಅದಕ್ಕೆ ಕಾರಣವಿದೆ. ಊರು ನೆರಳಿನ ಪಟ್ಟಿಯೊಳಗೇ ಇದೆ, ವಿಮಾನ ನಿಲ್ದಾಣ ದೊಡ್ಡದು. ಪಟ್ಟಿಯ ಉದ್ದಕ್ಕೂ ಎರಡೂ ಕಡೆಗೆ ಹೆದ್ದಾರಿಗಳಿವೆ: ನೈಋತ್ಯಕ್ಕೆ ಹೋಗಬೇಕೆಂದರೆ ಐ-35, ಈಶಾನ್ಯಕ್ಕೆ ಅರ್ಕನ್ಸಾ ಕಡೆಗಾದರೆ ಐ-30. ಮೋಡ ನೋಡಿಕೊಂಡು ಓಡುವವರಿಗೆ ಇಂಥ ಜಾಗವೇ ಬೇಕು. ಪ್ಲೇನೊ, ಫ್ರಿಸ್ಕೊ, ಅರ್ವಿಂಗ್ ಕಡೆ ಕನ್ನಡದ ಮನೆಗಳು ಬೇಕಾದಷ್ಟಿವೆ. ಗ್ರಹಣದ ವಾರ ಹೋಟೆಲ್ ದರ ಮುಗಿಲು ಮುಟ್ಟಿದಾಗ ಅದೂ ಒಂದು ಆಸರೆ.

ಸಾಮಾನಿನ ವಿಷಯ. ಕ್ಯಾಮೆರಾ, ಲೆನ್ಸ್, ಸೌರ ಫಿಲ್ಟರ್, ಲ್ಯಾಪ್‌ಟಾಪ್ ಇಷ್ಟೂ ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿಗಳನ್ನು ಬಿಡಿಯಾಗಿ ಚೆಕ್-ಇನ್ ಪೆಟ್ಟಿಗೆಗೆ ಹಾಕುವಂತಿಲ್ಲ. ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಒಳಗಿದ್ದರೆ ತಕರಾರಿಲ್ಲ. ಆ ಅಂಕಿ ಅದರ ಮೇಲೆ ಅಳಿಸಿಹೋಗದೆ ಕಾಣುತ್ತಿರಬೇಕು. ಟ್ರೈಪಾಡ್, ಸೂರ್ಯನ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್‌ನ ಪ್ರತಿಭಾರ, ಅಲೆನ್ ಕೀಲಿಗಳು ಚೆಕ್-ಇನ್‌ಗೆ. ಪ್ರತಿಭಾರ ಒಂದು ಕಿಲೋ ತೂಗುವ ಬರಿಯ ಕಬ್ಬಿಣ. ತೂಕ ಉಳಿಸಬೇಕೆಂದರೆ ಅದನ್ನು ಮನೆಯಲ್ಲೇ ಬಿಟ್ಟು, ಅಲ್ಲಿ ನೀರಿನ ಬಾಟಲಿ ಕಟ್ಟಿಕೊಂಡರೂ ನಡೆಯುತ್ತದೆ. ಆದರೆ ಗಾಳಿಗೆ ಬಾಟಲಿ ತೂಗಾಡದಂತೆ ಸರಳಿಗೆ ಬಿಗಿಯಾಗಿ ಟೇಪ್ ಸುತ್ತಬೇಕು.

ಬೆಂಗಳೂರಿಗೂ ಡಲ್ಲಾಸ್‌ಗೂ ಹತ್ತೂವರೆ ಗಂಟೆಯ ಅಂತರ. ಗ್ರಹಣ ಮಧ್ಯಾಹ್ನ ಒಂದೂಮುಕ್ಕಾಲರ ಆಚೆ ಈಚೆ. ನಮ್ಮ ದೇಹಕ್ಕೆ ಅದು ನಡುರಾತ್ರಿ. ಆದ್ದರಿಂದಲೇ ನಾಲ್ಕು ದಿನ ಮೊದಲು ಬಂದು ಇಳಿಯುವುದು. ನಿದ್ದೆಗಣ್ಣಿನಲ್ಲಿ ಫಿಲ್ಟರ್ ತೆಗೆಯಲು ಮರೆತವರ ಕಥೆ ಪ್ರತಿ ಗ್ರಹಣದಲ್ಲೂ ಕೇಳಿಬರುತ್ತದೆ.

ಏಪ್ರಿಲ್ 5, ಶುಕ್ರವಾರ: ತಾಲೀಮು

ಇಂದಿನ ಕೆಲಸ ಒಂದೇ. ಗ್ರಹಣದ ಹೊತ್ತಿಗೆ ಸರಿಯಾಗಿ, ಮಧ್ಯಾಹ್ನ 1:40ಕ್ಕೆ, ನಿಜವಾದ ಸೂರ್ಯನ ಎದುರು ಎಲ್ಲವನ್ನೂ ಒಮ್ಮೆ ನಡೆಸಿ ನೋಡುವುದು. ಆ ಹೊತ್ತಿಗೆ ಡಲ್ಲಾಸ್‌ನಲ್ಲಿ ಸೂರ್ಯ ಸುಮಾರು 64 ಡಿಗ್ರಿ ಎತ್ತರದಲ್ಲಿರುತ್ತಾನೆ. ಮನೆಯಲ್ಲಿ ಗೊತ್ತಾಗದ ತೊಂದರೆಗಳು ಈ ಎತ್ತರದಲ್ಲಿ ಬಯಲಾಗುತ್ತವೆ. ಉದ್ದದ ಲೆನ್ಸನ್ನು ಅಷ್ಟು ಮೇಲೆತ್ತಿದಾಗ ಕ್ಯಾಮೆರಾದ ಹಿಂಭಾಗ ಟ್ರೈಪಾಡ್‌ನ ಕಾಲಿಗೆ ತಾಗುತ್ತದೆ. ಬಾಲ್ ಹೆಡ್ (ಕ್ಯಾಮೆರಾ ಕೂರುವ ಗುಂಡು ಕೀಲು) ಎಷ್ಟು ಬಿಗಿ ಮಾಡಿದರೂ ಭಾರಕ್ಕೆ ಮೆಲ್ಲಗೆ ಜಾರುತ್ತದೆ. ಪರದೆ ಹೊರಮಡಿಸಲು ಬರದ ಕ್ಯಾಮೆರಾ ಆದರೆ ನೆಲದ ಮೇಲೆ ಕೂತು ಕತ್ತು ಮುರಿದುಕೊಳ್ಳಬೇಕು. ಟ್ರೈಪಾಡ್‌ನ ಒಂದು ಕಾಲನ್ನು ಸೂರ್ಯನ ಕಡೆಗೇ ಚಾಚಿದರೆ ಹಿಂಬದಿಯಲ್ಲಿ ಕ್ಯಾಮೆರಾಕ್ಕೂ ನಮಗೂ ಜಾಗ ಸಿಗುತ್ತದೆ, ಭಾರವೂ ಆ ಕಾಲಿನ ಮೇಲೆ ಬೀಳುತ್ತದೆ.

ಸೂರ್ಯ ತನ್ನ ಅಗಲದಷ್ಟು ದೂರವನ್ನು ಸುಮಾರು ಎರಡು ನಿಮಿಷದಲ್ಲಿ ಸರಿಯುತ್ತಾನೆ. ನಾಲ್ಕು ನಿಮಿಷದ ಪೂರ್ಣತೆಯಲ್ಲಿ ಎರಡು ಸೂರ್ಯನಷ್ಟು ಸರಿದಿರುತ್ತಾನೆ. 500 ಮಿ.ಮೀ. ಲೆನ್ಸಿನಲ್ಲಿ ಸೆನ್ಸರ್ ಮೇಲೆ ಸೂರ್ಯನ ಬಿಂಬ ಸುಮಾರು 4.6 ಮಿ.ಮೀ.; ಫುಲ್ ಫ್ರೇಮ್ ಸೆನ್ಸರಿನ ಎತ್ತರ 24 ಮಿ.ಮೀ. ಹಾಗಾಗಿ ಟ್ರ್ಯಾಕರ್ ಇಲ್ಲದಿದ್ದರೂ, ಮೊದಲಿಗೆ ಚೌಕಟ್ಟಿನ ಒಂದು ಬದಿಗೆ ಇಟ್ಟರೆ ಕೊನೆಯವರೆಗೆ ಒಳಗೇ ಉಳಿಯುತ್ತಾನೆ. ತೊಂದರೆ ಇರುವುದು ದೀರ್ಘ ಎಕ್ಸ್‌ಪೋಶರ್‌ನಲ್ಲಿ: ಕಾಲು ಸೆಕೆಂಡು ದಾಟಿದರೆ ಚಿತ್ರ ಎಳೆದಂತಾಗುತ್ತದೆ. ಸೂರ್ಯನ ಸುತ್ತಲಿನ ಮಸುಕು ಹೊರಕವಚವಾದ ಕರೋನಾದ ದೂರದ ಎಳೆಗಳು ಬೇಕೆಂದರೆ ಒಂದು ಸೆಕೆಂಡಿಗೂ ಹೆಚ್ಚು ತೆರೆದಿಡಬೇಕು, ಅದಕ್ಕೆ ಟ್ರ್ಯಾಕರ್ ಬೇಕೇ ಬೇಕು.

ಟ್ರ್ಯಾಕರ್‌ನ ಅಕ್ಷವನ್ನು ಧ್ರುವತಾರೆಯ ಕಡೆಗೆ ಗುರಿಯಿಡಬೇಕು, ಹಗಲಲ್ಲಿ ಅದು ಕಾಣದು. ಟ್ರ್ಯಾಕರ್‌ನ ಅಕ್ಷಾಂಶದ ಮಾಪಕ ಬೆಂಗಳೂರಿನ 13 ಡಿಗ್ರಿಯಲ್ಲಿಯೇ ನಿಂತಿರುತ್ತದೆ. ಡಲ್ಲಾಸ್‌ಗೆ ಅದನ್ನು 33ಕ್ಕೆ ತರಬೇಕು. ಬುಡವನ್ನು ಸಮಮಟ್ಟಕ್ಕೆ ತಂದು, ದಿಕ್ಸೂಚಿಯಿಂದ ನಿಜವಾದ ಉತ್ತರಕ್ಕೆ ತಿರುಗಿಸಿದರೆ ನಾಲ್ಕು ನಿಮಿಷದ ಕೆಲಸಕ್ಕೆ ಸಾಕು. ದಿಕ್ಸೂಚಿಯನ್ನು ಕಾರಿನ ಬಾನೆಟ್ ಮೇಲಾಗಲಿ ಟ್ರೈಪಾಡ್ ಪಕ್ಕದಲ್ಲಾಗಲಿ ಇಟ್ಟು ಓದಬಾರದು. ಕಬ್ಬಿಣ ಮುಳ್ಳನ್ನು ಎಳೆಯುತ್ತದೆ. ನಾಲ್ಕೈದು ಹೆಜ್ಜೆ ಹಿಂದೆ ನಿಂತು ಗುರಿ ಹಿಡಿಯಬೇಕು. ಟ್ರ್ಯಾಕರ್‌ನಲ್ಲಿ ಸೌರ ವೇಗದ ಗುಂಡಿ ಬೇರೆ ಇರುತ್ತದೆ, ನಕ್ಷತ್ರದ ವೇಗದಲ್ಲೇ ಬಿಟ್ಟರೂ ಈ ಅವಧಿಗೆ ನಷ್ಟವಿಲ್ಲ. ಉತ್ತರಾರ್ಧ, ದಕ್ಷಿಣಾರ್ಧ ಗೋಳದ ಸ್ವಿಚ್ ಮಾತ್ರ ತಪ್ಪಬಾರದು. ತಪ್ಪಿದರೆ ಯಂತ್ರ ಸೂರ್ಯನಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ.

ಫಿಲ್ಟರ್ ಯಾವಾಗಲೂ ಲೆನ್ಸಿನ ಮುಂದೆಯೇ ಇರಬೇಕು, ಕಣ್ಣಿನ ಕಡೆ ಅಲ್ಲ. ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುವ ಫಿಲ್ಮ್ ಸಾಕು. ಬರಿಗಣ್ಣಿನ ಕನ್ನಡಕದ ಮೇಲೆ ಐಎಸ್‌ಒ 12312-2 ಎಂದಿರಬೇಕು. ತಿರುಪಿನಿಂದ ಕೂರಿಸುವ ಫಿಲ್ಟರ್ ಬೇಡ ಎಂಬುದೇ ಅನುಭವಿಗಳ ಮಾತು. ಬಿಸಿಲಿಗೆ ತಿರುಪು ಬಿಗಿದುಕೊಳ್ಳುತ್ತದೆ, ಪೂರ್ಣತೆಗೆ ಮುನ್ನ ಫಿಲ್ಟರ್ ತೆಗೆಯುವ ಗಳಿಗೆಯಲ್ಲಿ ತಿರುವಲು ಹೋದರೆ ಫೋಕಸ್ ಕದಲುತ್ತದೆ, ಸೂರ್ಯ ಚೌಕಟ್ಟಿನಿಂದ ಆಚೆ ಹೋಗುತ್ತಾನೆ. ದಪ್ಪ ರಟ್ಟಿನಲ್ಲಿ ಲೆನ್ಸ್‌ಹುಡ್‌ಗೆ ಸರಿಯಾಗಿ ಕೂರುವ ಕೊಳವೆ ಮಾಡಿ, ಮುಂದೆ ಸೌರ ಫಿಲ್ಮ್ ಅಂಟಿಸಿದರೆ ಎರಡು ಬೆರಳಿನಲ್ಲಿ ಎತ್ತಿ ತೆಗೆಯಬಹುದು. ಗಾಳಿಗೆ ಹಾರದಂತೆ ಎರಡು ಕಡೆ ಪೇಪರ್ ಟೇಪ್. ಟೇಪಿನ ತುದಿಯನ್ನು ಒಳಕ್ಕೆ ಮಡಚಿ ಕಿವಿಯಂತೆ ಬಿಡಬೇಕು. ಆತುರದಲ್ಲಿ ಉಗುರಿಗೆ ಟೇಪಿನ ಅಂಚು ಸಿಗುವುದಿಲ್ಲ.

ಏಪ್ರಿಲ್ 6, ಶನಿವಾರ: ಹಿಲ್ಸ್‌ಬರೊ

ಡಲ್ಲಾಸ್‌ನಿಂದ ದಕ್ಷಿಣಕ್ಕೆ ಒಂದು ಗಂಟೆಯ ದಾರಿ. ಐ-35 ಎರಡಾಗಿ ಕವಲೊಡೆಯುವ ಈ ಚಿಕ್ಕ ಊರಿನಲ್ಲಿ ಪೂರ್ಣತೆ 4 ನಿಮಿಷ 20 ಸೆಕೆಂಡಿಗೂ ಮೇಲೆ, ಡಲ್ಲಾಸ್ ಪೇಟೆಯಲ್ಲಿ 3 ನಿಮಿಷ 50ರ ಆಸುಪಾಸು. ಅರ್ಧ ನಿಮಿಷಕ್ಕಾಗಿ ಎಲ್ಲರೂ ನೆರಳಿನ ಪಟ್ಟಿಯ ಮಧ್ಯರೇಖೆಗೇ ಮುಗಿಬೀಳುತ್ತಾರೆ.

ಅಷ್ಟು ಹಠ ಬೇಕಿಲ್ಲ. ನೆರಳು ಹೆಚ್ಚುಕಡಿಮೆ ಗುಂಡಗಿರುವುದರಿಂದ, ಮಧ್ಯರೇಖೆಯಿಂದ ಅಂಚಿನ ಅರ್ಧದಾರಿ ಸರಿದರೂ ಅವಧಿಯ ಶೇ 87ರಷ್ಟು ಉಳಿಯುತ್ತದೆ. ನಿಜವಾಗಿ ಕುಸಿಯುವುದು ಅಂಚಿನ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ. ಪಟ್ಟಿ ಸುಮಾರು 185 ಕಿ.ಮೀ. ಅಗಲವಿದೆ, ಅದರ ನಡುವಿನ ನೂರು ಕಿಲೋಮೀಟರಿನಲ್ಲಿ ಎಲ್ಲಿ ನಿಂತರೂ ಚಿಂತೆಯಿಲ್ಲ. ಅರ್ಧ ನಿಮಿಷಕ್ಕಿಂತ ತೆರವಾದ ಆಕಾಶ ದೊಡ್ಡದು. ಗ್ರಹಣ ಪ್ರವಾಸದ ಲೆಕ್ಕಾಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಆಕಾಶದ ಸುದ್ದಿ ಮಾತ್ರ ಚೆನ್ನಾಗಿರಲಿಲ್ಲ. ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ತೇವದ ಗಾಳಿ ಬರುತ್ತಿದೆ. ಬೆಳಗ್ಗೆ ತಗ್ಗಿನ ಮೋಡ, ಮೇಲೆ ಪಶ್ಚಿಮದಿಂದ ಎತ್ತರದ ಮೋಡ, ಸಂಜೆಗೆ ಆಲಿಕಲ್ಲು ಸಹಿತ ಬಿರುಮಳೆಯ ಮುನ್ಸೂಚನೆ. ಹಳೆಯ ದಾಖಲೆಗೆ ತದ್ವಿರುದ್ಧವಾಗಿ ದೂರದ ವರ್ಮಾಂಟ್, ಮೇನ್ ಕಡೆ ಶುಭ್ರ ಆಕಾಶವಂತೆ. ಯುರೋಪಿನ ಹವಾಮಾನ ಮಾದರಿ, ಅಮೆರಿಕದ ಜಿಎಫ್‌ಎಸ್ ಮಾದರಿ ಎರಡೂ ಟೆಕ್ಸಸ್ ಬಗ್ಗೆ ಒಂದೇ ಮಾತು ಹೇಳತೊಡಗಿದರೆ ಹಟ ಹಿಡಿದು ಕೂರುವುದು ಜಾಣತನವಲ್ಲ. ಮೋಡ ಎಂದರೆ ಎಲ್ಲವೂ ಒಂದೇ ಅಲ್ಲ ಎಂಬುದನ್ನೂ ನೆನಪಿಡಬೇಕು. ತೆಳುವಾದ ಎತ್ತರದ ಮೋಡದಲ್ಲಿ ಕರೋನಾದ ಒಳಭಾಗ, ಚಾಚಿಕೆಗಳು (ಸೂರ್ಯನ ಅಂಚಿನಿಂದ ಹೊರಚಾಚುವ ಅನಿಲದ ನಾಲಿಗೆಗಳು) ಚೆನ್ನಾಗಿಯೇ ಕಾಣುತ್ತವೆ, ದೂರದ ಎಳೆಗಳು ಮಾತ್ರ ಮಾಸುತ್ತವೆ. ತಗ್ಗಿನ ದಟ್ಟ ಮೋಡವಾದರೆ ಬರಿಯ ಕತ್ತಲೆ. ಆದ್ದರಿಂದ ಒಟ್ಟು ಮೋಡದ ಶೇಕಡಾವಾರು ನೋಡುವ ಬದಲು ತಗ್ಗಿನ, ನಡುವಿನ, ಎತ್ತರದ ಮೋಡಗಳನ್ನು ಬೇರೆ ಬೇರೆ ತೋರಿಸುವ ನಕ್ಷೆ ತೆರೆಯಬೇಕು.

ಏಪ್ರಿಲ್ 7, ಭಾನುವಾರ: ತೀರ್ಮಾನ

ಮುನ್ನಾದಿನ ಬೆಳಗ್ಗೆ ನಂಬಬೇಕಾದ್ದು ಎಚ್‌ಆರ್‌ಆರ್‌ಆರ್ ಎಂಬ ಗಂಟೆಗಂಟೆಯ ಮಾದರಿಯನ್ನು. ಅದು 48 ಗಂಟೆ ಮುಂದಿನವರೆಗೆ ಮೂರು ಕಿಲೋಮೀಟರಿನ ಜಾಲದಲ್ಲಿ ಮೋಡ ತೋರಿಸುತ್ತದೆ. ನಾಲ್ಕೈದು ಬಾರಿಯ ಫಲಿತಾಂಶವನ್ನು ಒಂದರ ಪಕ್ಕ ಒಂದಿಟ್ಟು, ತೆರವು ಒಂದೇ ಕಡೆ ನಿಲ್ಲುತ್ತಿದೆಯೇ ಅಥವಾ ಪ್ರತಿ ಸಲ ಜಾಗ ಬದಲಿಸುತ್ತಿದೆಯೇ ಎಂದು ನೋಡಬೇಕು. ಅರ್ಕನ್ಸಾ ನಡುಭಾಗದಲ್ಲಿ ತೆರವು ನಿಂತಿತ್ತು. ಹೊರಟಿದ್ದು ಅಲ್ಲಿಗೆ.

1868ರ ಆಗಸ್ಟ್ 18ರ ಗ್ರಹಣಕ್ಕೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ ದೂರದರ್ಶಕಕ್ಕೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕ ಜೋಡಿಸಿಕೊಂಡು ಕಾದಿದ್ದರು. ಅವರಿಗೂ ಮೋಡವೇ ಅಡ್ಡಿ. ಮೋಡದ ಸಂದಿನಲ್ಲಿ ಸಿಕ್ಕ ಕ್ಷಣಗಳಲ್ಲೇ ಸೌರ ಚಾಚಿಕೆಯ ಉಜ್ವಲ ರೇಖೆಗಳನ್ನು ಕಂಡು, ಅದು ಹೊಳೆಯುವ ಅನಿಲವೆಂದು ಖಚಿತಪಡಿಸಿದರು. ಆ ಕಾಲದಲ್ಲಿ ಒಮ್ಮೆ ಡೇರೆ ಹಾಕಿದ ಮೇಲೆ ಜಾಗ ಬದಲಿಸುವ ಮಾತೇ ಇರಲಿಲ್ಲ. ಇಂದು ಹಾಗಲ್ಲ. ಬಾಡಿಗೆ ಕಾರಿನ ತುಂಬಿದ ಟ್ಯಾಂಕ್ ಕೂಡ ಲೆನ್ಸಿನಷ್ಟೇ ಮುಖ್ಯವಾದ ಉಪಕರಣ.

ದಾರಿಯ ಆಯ್ಕೆಯಲ್ಲೂ ಯೋಚನೆ ಬೇಕು. ಐ-30 ನೆರಳಿನ ಪಟ್ಟಿಯ ಒಳಗೇ ಸಾಗುವುದರಿಂದ ಎಲ್ಲರೂ ಅಲ್ಲೇ ಇರುತ್ತಾರೆ. ಯುಎಸ್-75, ಯುಎಸ್-69 ಹಿಡಿದು ಒಕ್ಲಹೋಮಾದ ಮ್ಯಾಕ್‌ಅಲೆಸ್ಟರ್ ಮೂಲಕ ಚೆಕೋಟಾದಲ್ಲಿ ಐ-40 ಸೇರಿ, ಪೂರ್ವಕ್ಕೆ ಫೋರ್ಟ್ ಸ್ಮಿತ್ ತಲುಪುವ ದಾರಿ ಬಹುಪಾಲು ಪಟ್ಟಿಯ ಹೊರಗಿದೆ, ಖಾಲಿಯಾಗಿಯೂ ಇರುತ್ತದೆ. ರಾತ್ರಿ ತಂಗಲು ಪಟ್ಟಿಯ ಅಂಚಿನಲ್ಲಿರುವ ಫೋರ್ಟ್ ಸ್ಮಿತ್ ಒಳ್ಳೆಯದು. ಒಳಗಿನ ರಸೆಲ್‌ವಿಲ್‌ನಲ್ಲಿ ಕೋಣೆಗಳು ಎಂದೋ ಮುಗಿದಿರುತ್ತವೆ. ಮಲಗುವ ಮುನ್ನ ಮಾಡಬೇಕಾದ್ದು: ಪೆಟ್ರೋಲ್ ತುಂಬಿಸುವುದು, ಫೋನಿಗೆ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳುವುದು, ನೀರು, ಊಟ ಕಟ್ಟಿಕೊಳ್ಳುವುದು, ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡುವುದು, ಕ್ಯಾಮೆರಾದ ಗಡಿಯಾರವನ್ನು ಜಿಪಿಎಸ್ ಸಮಯಕ್ಕೆ ಸೆಕೆಂಡಿನ ಮಟ್ಟಕ್ಕೆ ಹೊಂದಿಸುವುದು.

ಏಪ್ರಿಲ್ 8, ಸೋಮವಾರ: ರಸೆಲ್‌ವಿಲ್

ಬೆಳಗಿನ ಐದಕ್ಕೆ ಹೊರಟರೆ ಐ-40ರಲ್ಲಿ ಒಂದೂವರೆ ಗಂಟೆಯೊಳಗೆ ರಸೆಲ್‌ವಿಲ್. ಊರ ಪಕ್ಕದಲ್ಲಿ ಅರ್ಕನ್ಸಾ ನದಿಗೆ ಕಟ್ಟಿದ ಡಾರ್ಡನೆಲ್ ಜಲಾಶಯ, ಅದರ ದಂಡೆಯಲ್ಲಿ ರಾಜ್ಯ ಉದ್ಯಾನ, ಆಚೆ ಪರಮಾಣು ವಿದ್ಯುತ್ ಸ್ಥಾವರದ ಎತ್ತರದ ತಂಪು ಗೋಪುರ. ಗೋಪುರದ ಹಬೆ ಯಾವ ಕಡೆ ವಾಲುತ್ತದೆ ಎಂದು ನೋಡಿಕೊಂಡು ಅದಕ್ಕೆ ದೂರವಾಗಿ ನಿಲ್ಲಬೇಕು. ಡಾಂಬರು ಹಾಕಿದ ಪಾರ್ಕಿಂಗ್ ಜಾಗಕ್ಕಿಂತ ಹುಲ್ಲು ಮೇಲು. ಕಾದ ಡಾಂಬರಿನಿಂದೇಳುವ ಬಿಸಿಗಾಳಿ ಸೂರ್ಯನ ಅಂಚನ್ನು ಕುಣಿಸುತ್ತದೆ. ಆಕಾಶದಲ್ಲಿ ಎಳೆಎಳೆಯಾದ ಎತ್ತರದ ಮೋಡ, ಅಷ್ಟೇ.

ಇಲ್ಲಿನ ಅಕ್ಷಾಂಶ 35 ಡಿಗ್ರಿ. ಮಾಪಕವನ್ನು ಮತ್ತೆ ಸರಿಪಡಿಸಬೇಕು. ಸ್ಪರ್ಶ (ಗ್ರಹಣದ ಆರಂಭ) ಮಧ್ಯಾಹ್ನ 12:33ರ ಹೊತ್ತಿಗೆ, ನಿಮೀಲನ (ಪೂರ್ಣತೆಯ ಆರಂಭ) 1:50ಕ್ಕೆ, ಉನ್ಮೀಲನ (ಪೂರ್ಣತೆಯ ಕೊನೆ) 1:54ಕ್ಕೆ, ಮೋಕ್ಷ (ಗ್ರಹಣದ ಕೊನೆ) 3:11ರ ಸುಮಾರಿಗೆ. ನಿಂತ ಜಾಗದ ನಿಖರ ಸೆಕೆಂಡು ಬೇಕೆಂದರೆ ಕ್ಸೇವಿಯರ್ ಜೂಬಿಯರ್ ಅವರ ಅಂತರ್ಜಾಲ ನಕ್ಷೆಯಲ್ಲಿ ಚುಚ್ಚಿ ನೋಡಬಹುದು. ಚಂದ್ರನ ಅಂಚು ಬೆಟ್ಟ ಕಣಿವೆಗಳಿಂದ ಕೂಡಿರುವುದರಿಂದ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಮಯ ಒಂದೆರಡು ಸೆಕೆಂಡು ಆಚೀಚೆ ಆಗುತ್ತದೆ. ಆ ಕಣಿವೆಗಳ ಸಂದಿನಲ್ಲಿ ಹೊಳೆಯುವ ಕೊನೆಯ ಬೆಳಕಿನ ಮಣಿಗಳ (ಬೇಯ್ಲಿ ಮಣಿಗಳು) ಚಿತ್ರ ಬೇಕಾದವರಿಗೆ ಆ ಎರಡು ಸೆಕೆಂಡೇ ಜೀವಾಳ.

ಫೋಕಸ್ ಹಿಡಿಯುವುದು ಫಿಲ್ಟರ್ ಹಾಕಿಕೊಂಡೇ. ಆಟೊಫೋಕಸ್, ಲೆನ್ಸಿನ ಕಂಪನ ನಿವಾರಕ ಎರಡನ್ನೂ ನಿಲ್ಲಿಸಿ, ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಸೂರ್ಯಕಲೆಯೊಂದರ ಅಂಚು ಚೂಪಾಗುವವರೆಗೆ ಉಂಗುರ ತಿರುಗಿಸಬೇಕು. ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬುವಂತಿಲ್ಲ. ಫೋಕಸ್ ಸಿಕ್ಕ ಮೇಲೆ ಉಂಗುರಕ್ಕೆ ಟೇಪ್. ಅಲ್ಲಿಗೆ ಮುಗಿಯಲಿಲ್ಲ. ಪೂರ್ಣತೆ ಸಮೀಪಿಸಿದಂತೆ ಹವೆ ತಣ್ಣಗಾಗಿ ಲೆನ್ಸ್ ಕುಗ್ಗುತ್ತದೆ, ಫೋಕಸ್ ಕೂದಲೆಳೆಯಷ್ಟು ಜಾರುತ್ತದೆ. 1:40ಕ್ಕೆ, ಸೂರ್ಯ ತೆಳು ಬಿದಿಗೆಯಾದಾಗ, ಅದರ ಚೂಪಾದ ಕೊಂಬುಗಳನ್ನು ನೋಡಿ ಮತ್ತೊಮ್ಮೆ ಸರಿಪಡಿಸುವುದನ್ನು ಯಾರೂ ಬಿಡಬಾರದು.

ಪೂರ್ಣತೆಯ ಎಕ್ಸ್‌ಪೋಶರ್‌ಗೆ ಒಂದೇ ಸರಿಯಾದ ಅಂಕಿ ಎಂಬುದಿಲ್ಲ. ವರ್ಣಗೋಳಕ್ಕೂ (ಸೂರ್ಯನ ಅಂಚಿನ ತೆಳು ಕೆಂಪು ಪದರ) ಕರೋನಾದ ಹೊರ ಅಂಚಿಗೂ ಹೊಳಪಿನಲ್ಲಿ ಸಾವಿರಾರು ಪಟ್ಟು ವ್ಯತ್ಯಾಸ. ಐಎಸ್‌ಒ 100, ಎಫ್/8ರಲ್ಲಿ ಶಟರ್ ವೇಗವನ್ನು ಎರಡೆರಡು ಸ್ಟಾಪ್ (ಪ್ರತಿ ಸಲ ಬೆಳಕು ನಾಲ್ಕು ಪಟ್ಟು) ಇಳಿಸುತ್ತಾ ಹೋಗುವುದು ಅನುಕೂಲ: 1/3200 ಸೆಕೆಂಡಿಗೆ ವರ್ಣಗೋಳ, 1/800ಕ್ಕೆ ಚಾಚಿಕೆಗಳು, 1/200 ಮತ್ತು 1/50ಕ್ಕೆ ಒಳ ಕರೋನಾ, 1/13ಕ್ಕೆ ನಡುಭಾಗ, 1/3 ಮತ್ತು 1.3 ಸೆಕೆಂಡಿಗೆ ದೂರದ ಎಳೆಗಳು. ಈ ಏಳು ಚಿತ್ರಗಳ ಸುತ್ತನ್ನು ಮತ್ತೆ ಮತ್ತೆ ನಡೆಸಬೇಕು. ಎಲ್ಲವೂ ರಾ (ಕ್ಯಾಮೆರಾ ಸಂಸ್ಕರಿಸದ) ಕಡತಗಳು. ಸುತ್ತುಗಳ ನಡುವೆ ಬಿಡುವಿಲ್ಲದಿದ್ದರೆ ಕ್ಯಾಮೆರಾದ ಬಫರ್ ತುಂಬಿ ಅರ್ಧಕ್ಕೇ ನಿಲ್ಲುತ್ತದೆ. ಕಾರ್ಡ್ ನಿಧಾನದ್ದಾದಷ್ಟೂ ಬೇಗ ನಿಲ್ಲುತ್ತದೆ. ಲ್ಯಾಪ್‌ಟಾಪ್‌ನಿಂದ ಎಕ್ಲಿಪ್ಸ್ ಆರ್ಕೆಸ್ಟ್ರೇಟರ್, ಸೋಲಾರ್ ಎಕ್ಲಿಪ್ಸ್ ಮ್ಯಾಸ್ಟ್ರೊ ಥರದ ತಂತ್ರಾಂಶ ನಡೆಸುವವರು ಯುಎಸ್‌ಬಿ ಕೇಬಲ್ಲನ್ನು ಟ್ರೈಪಾಡ್ ಕಾಲಿಗೆ ಟೇಪ್ ಹಾಕಿ ಕಟ್ಟಬೇಕು, ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಬೇಕು, ಪರದೆಗೆ ರಟ್ಟಿನ ಡಬ್ಬಿಯ ನೆರಳು ಮಾಡಬೇಕು. ಕೈಯಿಂದಲೇ ಎಲ್ಲ ಮಾಡುತ್ತೇನೆ ಎನ್ನುವವರು ನಾಲ್ಕು ನಿಮಿಷವನ್ನೂ ಗುಂಡಿ ಒತ್ತುವುದರಲ್ಲೇ ಕಳೆಯುತ್ತಾರೆ. ಯಂತ್ರಕ್ಕೆ ಕೆಲಸ ವಹಿಸಿ ತಲೆಯೆತ್ತಿ ನೋಡಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ಒಂದೂಕಾಲರ ನಂತರ ಬಿಸಿಲಿನ ಬಣ್ಣ ಬದಲಾಗುತ್ತದೆ. ಸಂಜೆಯ ಹಳದಿಯಲ್ಲ, ಲೋಹದ ಹೊಳಪಿನ ಬೂದು. ಮರದೆಲೆಗಳ ಸಂದಿನಿಂದ ಬಿದ್ದ ಬೆಳಕೆಲ್ಲ ನೆಲದ ಮೇಲೆ ಬಿದಿಗೆ ಚಂದ್ರನ ಆಕಾರ. ಬೆಳಕಿನ ಮೂಲ ಗೆರೆಯಷ್ಟು ತೆಳುವಾದ್ದರಿಂದ ಕೈಯ ನೆರಳು ಒಂದು ದಿಕ್ಕಿನಲ್ಲಿ ಮಾತ್ರ ಚೂಪಾಗಿ, ಒಂದೊಂದು ರೋಮವೂ ಬೇರೆಯಾಗಿ ಕಾಣುತ್ತದೆ. ಸೂರ್ಯನ ಬಲಕ್ಕೆ ತುಸು ಕೆಳಗೆ ಶುಕ್ರ ಮೊದಲೇ ಹೊಳೆಯತೊಡಗುತ್ತದೆ. ನೆಲದ ಮೇಲೆ ಬಿಳಿ ಪಂಚೆ ಹಾಸಿದ್ದರೆ ಕೊನೆಯ ಒಂದೆರಡು ನಿಮಿಷ ಅದರ ಮೇಲೆ ಮಸುಕು ನೆರಳಿನ ಪಟ್ಟೆಗಳು ಹರಿದಾಡುವುದನ್ನು ಹಿಡಿಯಬಹುದು. ಅದಕ್ಕೆ ಬೇರೆಯೇ ಕ್ಯಾಮೆರಾವನ್ನು ವಿಡಿಯೊ ಕ್ರಮದಲ್ಲಿ ಇಡಬೇಕು.

ನೈಋತ್ಯದ ದಿಗಂತ ಕಪ್ಪಾಗುತ್ತದೆ. ನೆರಳು ಬರುವ ದಿಕ್ಕು ಅದು. ಕಾರಿನಲ್ಲಿ ಆರು ಗಂಟೆ ಹಿಡಿದ ಡಲ್ಲಾಸ್‌ನ ದೂರವನ್ನು ನೆರಳು ಹತ್ತು ನಿಮಿಷದೊಳಗೆ ಮುಗಿಸುತ್ತದೆ, ಗಂಟೆಗೆ ಸುಮಾರು 2,700 ಕಿ.ಮೀ. ವೇಗ.

ನಿಮೀಲನಕ್ಕೆ 20 ಸೆಕೆಂಡು ಇರುವಾಗ ಫಿಲ್ಟರ್ ತೆಗೆ. ಆಗ ವ್ಯೂಫೈಂಡರಿಗೆ ಕಣ್ಣಿಡಬಾರದು, ಬರಿಗಣ್ಣಿನ ಕನ್ನಡಕವೂ ಇನ್ನೂ ಮುಖದ ಮೇಲೇ ಇರಬೇಕು. ಕೊನೆಯ ಎಂಟ್ಹತ್ತು ಸೆಕೆಂಡು 1/1000ದಲ್ಲಿ ವಜ್ರದುಂಗುರ, ನಂತರ 1/3200ರಲ್ಲಿ ಒಂದೇ ಸಮನೆ ಬೇಯ್ಲಿ ಮಣಿಗಳು. ಮಣಿ ಆರಿದ ಕ್ಷಣವೇ ಕನ್ನಡಕ ತೆಗೆದು ಕತ್ತೆತ್ತಬೇಕು.

ಸೂರ್ಯನ ಚಟುವಟಿಕೆ ಉತ್ತುಂಗಕ್ಕೆ ಹತ್ತಿರವಿದ್ದ ವರ್ಷವಾದ್ದರಿಂದ ಕರೋನಾ ಎರಡು ಕಡೆಗೆ ಮಾತ್ರ ಚಾಚದೆ ಸುತ್ತಲೂ ಹೂವಿನಂತೆ ಹರಡಿತ್ತು. ಚಂದ್ರನ ಕಪ್ಪು ಬಿಂಬದ ಕೆಳ ಅಂಚಿನಲ್ಲಿ ಕೆಂಡಗುಲಾಬಿ ಬಣ್ಣದ ಒಂದು ಚಾಚಿಕೆ ಬರಿಗಣ್ಣಿಗೇ ಸ್ಪಷ್ಟ. ಎಡಕ್ಕೆ ಮೇಲೆ ಗುರು. ದಿಗಂತದ ಸುತ್ತ ಎಲ್ಲ ಕಡೆಯೂ ಕಿತ್ತಳೆ ಬೆಳಕು. ಸುಮಾರು 4 ನಿಮಿಷ 10 ಸೆಕೆಂಡಿನಲ್ಲಿ ಮೊದಲರ್ಧ ಎಡ ಅಂಚಿನ ಚಾಚಿಕೆಗಳು ಮುಚ್ಚುತ್ತಾ ಹೋಗಿ, ಎರಡನೆಯ ಅರ್ಧದಲ್ಲಿ ಬಲ ಅಂಚಿನವು ತೆರೆದುಕೊಳ್ಳುತ್ತವೆ. ಬೈನಾಕ್ಯುಲರ್ ಇದ್ದರೆ ಈ ಒಂದು ನೋಟಕ್ಕಾದರೂ ಬಳಸಬೇಕು, ಉನ್ಮೀಲನಕ್ಕೆ ಅರ್ಧ ನಿಮಿಷ ಇರುವಾಗ ಖಡಾಖಂಡಿತ ಕೆಳಗಿಡಬೇಕು. ಆ ಎಚ್ಚರಿಕೆಯನ್ನು ಫೋನಿನಲ್ಲಿ ಧ್ವನಿಯಾಗಿ ಮೊದಲೇ ಹಾಕಿಡುವುದು ಕ್ಷೇಮ, ಏಕೆಂದರೆ ಆ ಹೊತ್ತಿನಲ್ಲಿ ಗಡಿಯಾರ ನೋಡುವವರು ಯಾರೂ ಇರುವುದಿಲ್ಲ. ಎರಡನೆಯ ವಜ್ರದುಂಗುರ ಮುಗಿದ 20 ಸೆಕೆಂಡಿನೊಳಗೆ ಫಿಲ್ಟರ್ ಮತ್ತೆ ಲೆನ್ಸಿನ ಮೇಲೆ.

ಬಹಳ ಜನ ಆ ಕೂಡಲೇ ಗಂಟುಮೂಟೆ ಕಟ್ಟುತ್ತಾರೆ, ಹೆದ್ದಾರಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಮೋಕ್ಷದವರೆಗೆ ಕೂತರೆ ಖಂಡಗ್ರಾಸದ ಸಾಲು ಪೂರ್ತಿಯಾಗುತ್ತದೆ, ಟ್ರಾಫಿಕ್‌ನ ಮೊದಲ ಅಲೆಯೂ ತಪ್ಪುತ್ತದೆ. ಕ್ಯಾಮೆರಾವನ್ನು ಬಿಚ್ಚುವ ಮೊದಲು ಎರಡು ಕೆಲಸ ಉಂಟು. ಫೋಕಸ್ ಅಲುಗಿಸದೆ, ಲೆನ್ಸಿನ ಬಾಯಿಗೆ ಬಿಳಿ ಬಟ್ಟೆ ಎಳೆದು ಕಟ್ಟಿ ತೆರೆದ ಆಕಾಶದ ಕಡೆ ಇಪ್ಪತ್ತು ಫ್ಲಾಟ್ ಚಿತ್ರಗಳು. ಮುಚ್ಚಳ ಹಾಕಿ ಅದೇ ಏಳು ಶಟರ್ ವೇಗಗಳಲ್ಲಿ ಹತ್ತತ್ತು ಡಾರ್ಕ್ ಚಿತ್ರಗಳು. ಸೆನ್ಸರಿನ ದೂಳಿನ ಚುಕ್ಕೆ, ಅಂಚಿನ ಕತ್ತಲು ಕಳೆಯಲು ಫ್ಲಾಟ್ ಬೇಕು, ಸೆನ್ಸರ್ ತಾನೇ ಹುಟ್ಟಿಸುವ ಕಲೆಗಳನ್ನು ಕಳೆಯಲು ಡಾರ್ಕ್ ಬೇಕು. ಫ್ಲಾಟ್ ಮರುದಿನ ತೆಗೆದರೆ ದೂಳು ಜಾಗ ಬದಲಿಸಿರುತ್ತದೆ.

ಟೆಕ್ಸಸ್‌ನಲ್ಲಿ ಉಳಿದವರ ಸುದ್ದಿ ಸಂಜೆಗೆ ಬಂತು: ಡಲ್ಲಾಸ್‌ನಲ್ಲಿ ಮೋಡ ಸರಿದು ಅನೇಕರಿಗೆ ಕಂಡಿತ್ತು, ದಕ್ಷಿಣಕ್ಕೆ ಬಹಳ ಕಡೆ ಇಲ್ಲ.

ಏಪ್ರಿಲ್ 9, ಮಂಗಳವಾರ: ಮರಳುವ ದಾರಿ

ಮೊದಲು ಕಾರ್ಡಿನ ಎರಡು ಪ್ರತಿ, ಎರಡು ಬೇರೆ ಡಿಸ್ಕ್‌ಗಳಲ್ಲಿ, ಎರಡು ಬೇರೆ ಚೀಲಗಳಲ್ಲಿ. ಕಾರ್ಡನ್ನು ಮನೆ ತಲುಪುವವರೆಗೆ ಅಳಿಸುವುದಿಲ್ಲ.

ಚಿತ್ರ ಜೋಡಿಸುವಾಗ ಚಂದ್ರನ ಅಂಚನ್ನು ಒಂದರ ಮೇಲೊಂದು ಕೂರಿಸುವುದು ಎಲ್ಲರೂ ಮೊದಲು ಹಿಡಿಯುವ ದಾರಿ. ಆದರೆ ಆ ನಾಲ್ಕು ನಿಮಿಷದಲ್ಲಿ ಚಂದ್ರ ಕರೋನಾದ ಮುಂದೆ ಸರಿದಿರುತ್ತಾನೆ, ಹಾಗಾಗಿ ಕರೋನಾದ ಎಳೆಗಳು ಕದಡಿಹೋಗುತ್ತವೆ. ಎಳೆಗಳನ್ನೋ ಹಿನ್ನೆಲೆಯ ನಕ್ಷತ್ರವನ್ನೋ ಆಧಾರವಾಗಿಟ್ಟುಕೊಂಡು ಕರೋನಾವನ್ನೇ ಜೋಡಿಸಬೇಕು. ಚಂದ್ರನ ಬಿಂಬವನ್ನು ಒಂದೇ ಚಿತ್ರದಿಂದ ತಂದು ಕೊನೆಗೆ ಕೂರಿಸಬೇಕು. ನಂತರ ಸೂರ್ಯಕೇಂದ್ರದ ಸುತ್ತ ತಿರುಗಿಸಿ ಮಸುಕು ಮಾಡಿದ ಪ್ರತಿಯನ್ನು ಮೂಲದಿಂದ ಕಳೆದರೆ ಕಣ್ಣು ಕಂಡಷ್ಟು ಸೂಕ್ಷ್ಮದ ಎಳೆಗಳು ಮೇಲೆದ್ದು ಬರುತ್ತವೆ. ಈ ಬಗೆಯ ಸಂಸ್ಕರಣೆಯಲ್ಲಿ ಜೆಕ್ ಗಣಿತಜ್ಞ ಮಿಲೊಸ್ಲಾವ್ ಡ್ರುಕ್‌ಮ್ಯುಲರ್ ಅವರ ಚಿತ್ರಗಳೇ ಅಳತೆಗೋಲು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಟ್ಟಿದ ಕರೋನಾಗ್ರಾಫ್ ಆದಿತ್ಯ-ಎಲ್1ರಲ್ಲಿ ಕೂತು ಗ್ರಹಣವಿಲ್ಲದೆಯೂ ಕರೋನಾ ನೋಡುತ್ತದೆ. ಆದರೂ ನೆಲದ ಮೇಲೆ, ಬರಿಗಣ್ಣಿಗೆ, ಸೂರ್ಯನ ಅಂಚಿಗೆ ಅಂಟಿದಂತೆ ಅದು ಸಿಗುವುದು ಖಗ್ರಾಸದಲ್ಲಿ ಮಾತ್ರ.

2027ರ ಆಗಸ್ಟ್ 2ಕ್ಕೆ ಈಜಿಪ್ಟಿನ ಲಕ್ಸರ್‌ಗೆ ಹೋಗಬೇಕೆನ್ನುವವರು ಇಲ್ಲಿನ ಲೆಕ್ಕಗಳನ್ನು ತಿದ್ದಿಕೊಳ್ಳಬೇಕು. ಪೂರ್ಣತೆ ಆರು ನಿಮಿಷಕ್ಕೂ ಮೇಲೆ, ಆದ್ದರಿಂದ ಸೂರ್ಯ ಮೂರು ಬಿಂಬದಷ್ಟು ಸರಿಯುತ್ತಾನೆ, ಕಾರ್ಡೂ ಅದಕ್ಕೆ ತಕ್ಕಂತೆ ದೊಡ್ಡದಿರಬೇಕು. ಮೋಡದ ಚಿಂತೆ ಇಲ್ಲವೆನ್ನುವಷ್ಟು ಕಡಿಮೆ. ಬದಲಿಗೆ 40 ಡಿಗ್ರಿ ದಾಟುವ ಬಿಸಿಲು: ಲ್ಯಾಪ್‌ಟಾಪ್, ಕ್ಯಾಮೆರಾ ಕಾದು ತಾವಾಗಿ ಆರಿಹೋಗದಂತೆ ಕೊನೆಯ ಗಳಿಗೆಯವರೆಗೆ ಬಿಳಿ ಬಟ್ಟೆ ಹೊದಿಸಿಡಬೇಕು. ಸೂರ್ಯ ಸುಮಾರು 82 ಡಿಗ್ರಿ ಎತ್ತರದಲ್ಲಿ, ನೆತ್ತಿಯ ಮೇಲೆಯೇ ಇರುತ್ತಾನೆ. ಅಷ್ಟು ಮೇಲಕ್ಕೆ ಮುಖ ಮಾಡಲಾಗದ ಟ್ರೈಪಾಡ್ ತಲೆಯನ್ನು ಈಗಲೇ ಬದಲಿಸಿ, ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದ ನಡುಮಧ್ಯಾಹ್ನದ ಸೂರ್ಯನ ಮೇಲೆ ತಾಲೀಮು ಮಾಡಬಹುದು. ಆಗ ಇಲ್ಲೂ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ.